ಒಂದು ಸೂರಿನಡಿ ಎಷ್ಟು ಮಂದಿ: ಮರೆವಿನ ಹಿರಿಯರ ಆರೈಕೆ ಮನೆಗಳ ಚರಿತ್ರೆ

ಡಿಮೆನ್ಷಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಮಾತು, ದಿಕ್ಕಿನ ಅರಿವು, ದಿನದ ಕೆಲಸಗಳನ್ನು ನಿಭಾಯಿಸಿಕೊಂಡು ಹೋಗುವ ಶಕ್ತಿ ಇವೆಲ್ಲ ಒಂದೊಂದಾಗಿ ಕುಂದುತ್ತ ಹೋಗುವ ಸ್ಥಿತಿಗೆ ವೈದ್ಯಶಾಸ್ತ್ರ ಕೊಟ್ಟ ಒಟ್ಟು ಹೆಸರು ಅದು, ಮತ್ತು ಅದರ ಕಾರಣಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದುದು ಆಲ್‌ಝೈಮರ್ ಕಾಯಿಲೆ. ಕನ್ನಡದಲ್ಲಿ ಈ ಸ್ಥಿತಿಗೆ ಬಹುಕಾಲದಿಂದ ಇರುವ ಮಾತು ಅರಳುಮರಳು. ‘ಅರವತ್ತಕ್ಕೆ ಅರಳುಮರಳು’ ಎನ್ನುವಾಗ ಮರೆವನ್ನು ರೋಗವೆಂದಲ್ಲ, ವಯಸ್ಸಿನ ಸಹಜ ಗುಣವೆಂದೇ ಎಣಿಸಲಾಗಿತ್ತು. ಇಂಗ್ಲಿಷಿನ ‘ಸೆನೈಲ್’ ಪದದ ಹಿಂದೆ ಇದ್ದುದೂ ಇದೇ ಎಣಿಕೆ. ರೋಗವೆಂದು ಎಣಿಸದಿದ್ದ ಮೇಲೆ ಅದಕ್ಕೆಂದೇ ಮನೆ ಕಟ್ಟುವ ಯೋಚನೆಯೂ ಹುಟ್ಟುವುದಿಲ್ಲ. ಆದ್ದರಿಂದ, ಆರೈಕೆ ಮನೆಗಳ ದಾಖಲೆ ಅತ್ಯಂತ ವಿವರವಾಗಿ ಉಳಿದಿರುವ ಇಂಗ್ಲೆಂಡಿನಲ್ಲಿ, ಮರೆವಿನ ಹಿರಿಯರು ನೂರಾರು ವರ್ಷ ಇದ್ದುದು ಬೇರೆಯವರಿಗಾಗಿ ಕಟ್ಟಿದ ಕಟ್ಟಡಗಳಲ್ಲಿ: ಮೊದಲು ಬಡವರ ಆಶ್ರಯದಲ್ಲಿ, ಆಮೇಲೆ ಹುಚ್ಚಾಸ್ಪತ್ರೆಯಲ್ಲಿ, ಅದಾದ ಮೇಲೆ ಸಾಮಾನ್ಯ ಆಸ್ಪತ್ರೆಯ ಹಿಂಬದಿಯ ವಾರ್ಡುಗಳಲ್ಲಿ. ಈ ಚರಿತ್ರೆಯಲ್ಲಿ ಕಾಯಿದೆಗಳು, ವರದಿಗಳು, ಸಿದ್ಧಾಂತಗಳು ಬೇಕಾದಷ್ಟಿವೆ. ಆದರೆ ಅದನ್ನು ಅಳೆಯಲು ಇವೆಲ್ಲಕ್ಕಿಂತ ನಂಬಿಕೆಯ ಅಳತೆಗೋಲು ಒಂದು ಸೂರಿನಡಿ ಎಷ್ಟು ಮಂದಿಯನ್ನು ಇಡಲಾಯಿತು ಎಂಬ ಲೆಕ್ಕ.

ದಿಕ್ಕಿಲ್ಲದ ವೃದ್ಧರ ಹೊಣೆ ಅಲ್ಲಿ 1601ರ ಬಡವರ ಕಾಯಿದೆಯ ಕಾಲದಿಂದಲೂ ಪ್ಯಾರಿಷ್‌ಗಳ ಮೇಲಿತ್ತು. ಒಂದು ಚರ್ಚಿನ ವ್ಯಾಪ್ತಿಗೆ ಬರುವ ಊರುಕೇರಿಗಳ ಆಡಳಿತ ಘಟಕವೇ ಪ್ಯಾರಿಷ್. 1834ರ ತಿದ್ದುಪಡಿಯು ಹಲವು ಪ್ಯಾರಿಷ್‌ಗಳನ್ನು ಕೂಡಿಸಿ ಒಕ್ಕೂಟಗಳನ್ನು ಮಾಡಿತು, ಮತ್ತು ಒಕ್ಕೂಟಗಳು ವರ್ಕ್‌ಹೌಸ್‌ಗಳನ್ನು ಕಟ್ಟತೊಡಗಿದವು. ನೆರವು ಬೇಡಿ ಬಂದವರನ್ನು ಒಳಗಿರಿಸಿಕೊಂಡು, ಅನ್ನ ಮತ್ತು ನೆರಳು ಕೊಟ್ಟು, ಕೈಲಾದವರಿಂದ ದುಡಿಸಿಕೊಳ್ಳುವ ಈ ಸರ್ಕಾರಿ ಆಶ್ರಯದಲ್ಲಿನ ಬದುಕು ಹೊರಗಿನ ಕಡುಬಡವ ಕೂಲಿಯ ಬದುಕಿಗಿಂತ ಹಿತವಾಗಿರಬಾರದು ಎಂಬುದು ಅದರ ಮೂಲ ನಿಯಮ. ಮೈಗಳ್ಳರನ್ನು ದೂರವಿಡಲೆಂದು ರೂಪಿಸಿದ ಈ ನಿಯಮದ ಭಾರ ಕಾಲಕ್ರಮದಲ್ಲಿ ಬಿದ್ದದ್ದು ದುಡಿಯುವ ತ್ರಾಣವೇ ಉಡುಗಿದ್ದ ಮುದುಕರ ಮೇಲೆ. ಒಳಗೆ ಕಾಲಿಟ್ಟೊಡನೆ ಮೈಮೇಲಿನ ಬಟ್ಟೆ ತೆಗೆಸಿ ಸಂಸ್ಥೆಯ ಸಮವಸ್ತ್ರ ತೊಡಿಸುತ್ತಿದ್ದರು. ಗಂಡನನ್ನು ಒಂದು ಕಡೆಗೂ ಹೆಂಡತಿಯನ್ನು ಇನ್ನೊಂದು ಕಡೆಗೂ ಕಳಿಸುತ್ತಿದ್ದರು. 60 ದಾಟಿದ ದಂಪತಿಗಳು ಬಯಸಿದರೆ ಅವರನ್ನು ಅಗಲಿಸಬಾರದು ಎಂಬ ಕಾನೂನು ಬಂದದ್ದು 1847ರಲ್ಲಿ. ನೆನಪು ಸಡಿಲವಾಗುತ್ತಿರುವ ಮನುಷ್ಯನಿಗೆ ತಾನು ಯಾರೆಂದು ಹೇಳುವ ಕಡೆಯ ಆಧಾರಗಳೆಂದರೆ ತನ್ನ ಅಂಗಿ, ತನ್ನ ಕುರ್ಚಿ, ಎದುರಿಗೆ ಕಾಣುವ ತನ್ನವರ ಮುಖ. ವರ್ಕ್‌ಹೌಸ್ ಮೊದಲ ದಿನವೇ ಕಿತ್ತುಕೊಳ್ಳುತ್ತಿದ್ದುದು ಇವನ್ನೇ. 1909ರ ಜನವರಿಯಿಂದ 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಪಿಂಚಣಿ ಸಿಗತೊಡಗಿದಾಗ, ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲ ವೃದ್ಧರಿಗೆ ಹೊರಗೇ ಬಾಳುವ ದಾರಿ ತೆರೆಯಿತು. ಒಳಗೆ ಉಳಿದವರಲ್ಲಿ ಹಾಸಿಗೆ ಹಿಡಿದವರ ಮತ್ತು ಮರೆವಿನವರ ಪಾಲು ಹೆಚ್ಚುತ್ತ ಹೋಯಿತು.

ಎರಡನೆಯ ಕಟ್ಟಡ ಹುಚ್ಚಾಸ್ಪತ್ರೆ. 1845ರ ಕಾಯಿದೆಗಳು ಪ್ರತಿ ಕೌಂಟಿಯೂ ಹುಚ್ಚಾಸ್ಪತ್ರೆ ಕಟ್ಟುವುದನ್ನು ಕಡ್ಡಾಯ ಮಾಡಿದವು, ಮತ್ತು 1851ರಲ್ಲಿ ಲಂಡನ್ನಿನ ಉತ್ತರಕ್ಕೆ ತೆರೆದ ಕೋಲ್ನಿ ಹ್ಯಾಚ್‌ನಂಥ ಕಟ್ಟಡಗಳು ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಂದೇ ಆವರಣದಲ್ಲಿ ಹಿಡಿದಿಟ್ಟವು. ಈ ಕಲ್ಪನೆ ಕನ್ನಡನಾಡಿಗೂ ವಸಾಹತು ಆಡಳಿತದ ಜೊತೆಗೇ ಬಂತು. ಬೆಂಗಳೂರಿನಲ್ಲಿ ಅಂಥ ಆಸ್ಪತ್ರೆ ಆರಂಭವಾದದ್ದು 1847ರಲ್ಲಿ, ಮುಂದೆ ನಿಮ್ಹಾನ್ಸ್ ಬೆಳೆದದ್ದು ಅದೇ ಬೇರಿನಿಂದ. ಮರೆವಿಗೆ ರೋಗದ ಹೆಸರು ಸಿಕ್ಕಿದ್ದೂ ಇಂಥದೇ ಒಂದು ಜಾಗದಲ್ಲಿ. ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ 1901ರಲ್ಲಿ ಸೇರಿದ ಆಗುಸ್ಟ್ ಡೆಟರ್ ಎಂಬ 51 ವರ್ಷದ ಮಹಿಳೆಯನ್ನು ಆಲೋಯಿಸ್ ಆಲ್‌ಝೈಮರ್ ಪರೀಕ್ಷಿಸಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳಿನಲ್ಲಿ ಕಂಡ ಬದಲಾವಣೆಗಳನ್ನು ವಿವರಿಸಿದರು. 1910ರಲ್ಲಿ ಮನೋವೈದ್ಯ ಎಮಿಲ್ ಕ್ರೆಪೆಲಿನ್ ತಮ್ಮ ಪಠ್ಯಗ್ರಂಥದಲ್ಲಿ ಆ ಕಾಯಿಲೆಗೆ ಆಲ್‌ಝೈಮರ್ ಅವರ ಹೆಸರಿಟ್ಟರು. ಆದರೆ ಆ ರೋಗಿಯ ವಯಸ್ಸು 51 ಆಗಿದ್ದರಿಂದ ಇದು ನಡುವಯಸ್ಸಿನಲ್ಲಿ ಬರುವ ಅಪರೂಪದ ರೋಗವೆಂದು ಎಣಿಕೆಯಾಗಿ, 80 ವರ್ಷದವರ ಮರೆವು ಮಾತ್ರ ಹಿಂದಿನಂತೆಯೇ ‘ವಯಸ್ಸಾಯಿತು’ ಎಂಬ ಮಾತಿನಲ್ಲಿ ಮುಗಿದುಹೋಗುತ್ತಿತ್ತು. ಎರಡೂ ಒಂದೇ ರೋಗವೆಂದು ವೈದ್ಯಲೋಕ ಒಪ್ಪತೊಡಗಿದ್ದು 1960ರ ದಶಕದ ನ್ಯೂಕ್ಯಾಸಲ್‌ನ ಮಿದುಳಿನ ಅಧ್ಯಯನಗಳು ಮತ್ತು 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಸ್‌ಮನ್ ಬರೆದ ಲೇಖನದ ಬಳಿಕ. ಈ ನಡುವಿನ ಆರು ದಶಕಗಳಲ್ಲಿ ಮುದಿಯರ ಮರೆವಿಗೆ ವೈದ್ಯರೂ ಇರಲಿಲ್ಲ, ಮನೆಯೂ ಇರಲಿಲ್ಲ ಎಂದರೆ ಹೆಚ್ಚೇನೂ ತಪ್ಪಾಗದು.

ಈ ಮಾತಿಗೆ ಅಪವಾದವಾಗಿ ಮಾರ್ಜರಿ ವಾರನ್ ಎಂಬ ವೈದ್ಯೆಯನ್ನು ಹೆಸರಿಸಲೇಬೇಕು. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದ ಹಳೆಯ ವರ್ಕ್‌ಹೌಸಿನ ರೋಗಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಾಗ 714 ಮಂದಿ ಆಕೆಯ ಹೊಣೆಗೆ ಬಂದರು. ವರ್ಷಗಟ್ಟಲೆ ಹಾಸಿಗೆಯಲ್ಲೇ ಬಿದ್ದಿದ್ದ ಅವರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಕಾಯಿಲೆಗೆ ತಕ್ಕಂತೆ ವಿಂಗಡಿಸಿ, ಎಬ್ಬಿಸಿ ನಡೆಸಬಹುದಾದವರನ್ನು ನಡೆಸಿದ ಆಕೆಯ ಕೆಲಸದಿಂದಲೇ ವೃದ್ಧರ ವೈದ್ಯಶಾಸ್ತ್ರ ಬ್ರಿಟನ್ನಿನಲ್ಲಿ ಒಂದು ಪ್ರತ್ಯೇಕ ಶಾಖೆಯಾಗಿ ನೆಲೆಯೂರಿತು. ಸುಮ್ಮನಿರುವ ಮರೆವಿನವರು ಬೇರೆ, ಪ್ರತ್ಯೇಕ ಜಾಗ ಬೇಕಾದ ಡಿಮೆನ್ಷಿಯಾದವರು ಬೇರೆ ಎಂದು ಆಕೆ ಗುರುತಿಸಿದ್ದು, ಎಲ್ಲರನ್ನೂ ಒಂದೇ ರಾಶಿಯಾಗಿ ನೋಡುತ್ತಿದ್ದ ಕಾಲದಲ್ಲಿ ದೊಡ್ಡ ಹೆಜ್ಜೆ.

1948ರ ರಾಷ್ಟ್ರೀಯ ನೆರವು ಕಾಯಿದೆಯು ಬಡವರ ಕಾಯಿದೆಯನ್ನು ಕೊನೆಗಾಣಿಸಿ, ವೃದ್ಧರಿಗೆ ವಸತಿ ಒದಗಿಸುವ ಕರ್ತವ್ಯವನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಸಚಿವ ಅನ್ಯೂರಿನ್ ಬೆವನ್ ಅವರ ಕಲ್ಪನೆಯಲ್ಲಿ ಇದ್ದುದು 25ರಿಂದ 30 ಮಂದಿಯ ಸಣ್ಣ ಮನೆಗಳು. ಅಲ್ಲಿರುವವರು ಯಜಮಾನನ ಅಂಕೆಯಲ್ಲಿರುವ ನಿರಾಶ್ರಿತರಂತಲ್ಲ, ಬಾಡಿಗೆ ಕೊಟ್ಟು ಹೋಟೆಲಿನಲ್ಲಿ ತಂಗಿದ ಅತಿಥಿಗಳಂತೆ ಇರಬೇಕು ಎಂಬುದು ಅವರ ಆಸೆ. ಆದರೆ ಯುದ್ಧದಿಂದ ಬಸವಳಿದ ದೇಶದಲ್ಲಿ ಹೊಸದಾಗಿ ಕಟ್ಟಲು ಹಣವೂ ಇರಲಿಲ್ಲ, ಇಟ್ಟಿಗೆಯೂ ಇರಲಿಲ್ಲ. ಹತ್ತು ವರ್ಷದ ಬಳಿಕ ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ ಇಂಗ್ಲೆಂಡ್ ಮತ್ತು ವೇಲ್ಸ್‌ನ 173 ಸಂಸ್ಥೆಗಳನ್ನು ಸುತ್ತಿ ನೋಡಿ, ಒಂದು ಕಡೆ ಕೆಲವು ದಿನ ತಾವೇ ಪರಿಚಾರಕರಾಗಿ ದುಡಿದು, 1962ರಲ್ಲಿ ‘ದಿ ಲಾಸ್ಟ್ ರೆಫ್ಯೂಜ್’ ಎಂಬ ಗ್ರಂಥವನ್ನು ಪ್ರಕಟಿಸಿದಾಗ, ಬೋರ್ಡು ಬದಲಾದ ಹಳೆಯ ವರ್ಕ್‌ಹೌಸ್‌ಗಳಲ್ಲೇ ಸಾವಿರಾರು ವೃದ್ಧರು ಇನ್ನೂ ಬದುಕುತ್ತಿದ್ದುದು ಬಯಲಾಯಿತು. ಸಾಲು ಹಾಸಿಗೆಗಳ ಉದ್ದನೆಯ ಕೋಣೆಗಳು, ಗೋಡೆಗೆ ಬೆನ್ನಾನಿಸಿ ಇಟ್ಟ ಕುರ್ಚಿಗಳು, ಆ ಕುರ್ಚಿಗಳಲ್ಲಿ ಮಾತಿಲ್ಲದೆ ದಿನ ಕಳೆಯುವ ಜನ, ತಮ್ಮದೆಂದು ಹೇಳಿಕೊಳ್ಳಲು ಒಂದು ಪೆಟ್ಟಿಗೆಯೂ ಇಲ್ಲದ ಬಾಳು: ಇವೆಲ್ಲ ಆ ಪುಸ್ತಕದಿಂದಾಗಿ ಸಾರ್ವಜನಿಕ ಚರ್ಚೆಗೆ ಬಂದವು. ಆಸ್ಪತ್ರೆಗಳ ಸ್ಥಿತಿಯೂ ಇದಕ್ಕಿಂತ ಮೇಲಾಗಿರಲಿಲ್ಲ. 1967ರಲ್ಲಿ ಬಾರ್ಬರಾ ರಾಬ್ ಪ್ರಕಟಿಸಿದ ‘ಸಾನ್ಸ್ ಎವರಿಥಿಂಗ್’ ಎಂಬ ಸಂಕಲನವು, ಹಿರಿಯ ರೋಗಿಗಳ ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರಗಳನ್ನು ವಾರ್ಡುಗಳಲ್ಲಿ ತೆಗೆದಿಟ್ಟುಕೊಳ್ಳುತ್ತಿದ್ದ ಸಂಗತಿಯನ್ನು ಹೊರಗೆಡವಿತು. ಕಣ್ಣು ಕಾಣದೆ, ಕಿವಿ ಕೇಳದೆ, ಮಾತು ತೊದಲುವ ಮುದುಕಿಯನ್ನು ಬುದ್ಧಿ ಕೆಟ್ಟವಳೆಂದು ಬರೆದುಕೊಳ್ಳುವುದು ಸುಲಭ. ಆಕೆಯ ಅರಳುಮರಳಿನಲ್ಲಿ ಕಾಯಿಲೆಯ ಪಾಲೆಷ್ಟು, ಕಿತ್ತುಕೊಂಡ ಕನ್ನಡಕದ ಪಾಲೆಷ್ಟು ಎಂಬ ಪ್ರಶ್ನೆ ಇಂದಿಗೂ ಪ್ರತಿ ಆರೈಕೆ ಮನೆಯಲ್ಲಿ ಕೇಳಬೇಕಾದದ್ದು.

ಮರೆವಿನವರಿಗಾಗಿಯೇ ಬೇರೆ ಮನೆಗಳು ಬೇಕೆ ಎಂಬ ವಾದ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಕೆಲವು ಸ್ಥಳೀಯ ಸಂಸ್ಥೆಗಳು ಅಂಥ ಪ್ರತ್ಯೇಕ ಮನೆಗಳನ್ನು ತೆರೆದಿದ್ದವು. ಮುಂದೆ ಬ್ರಿಟನ್ನಿನ ಸಚಿವರಾದ ಮೈಕೆಲ್ ಮೀಚರ್ ಅವನ್ನು ಅಧ್ಯಯನ ಮಾಡಿ 1972ರಲ್ಲಿ ಬರೆದ ಪುಸ್ತಕದ ಹೆಸರು ‘ಟೇಕನ್ ಫಾರ್ ಎ ರೈಡ್’. ಗಾಡಿಯಲ್ಲಿ ಸುತ್ತಾಟಕ್ಕೆ ಕರೆದೊಯ್ಯುವುದು ಮತ್ತು ನಂಬಿಸಿ ಮೋಸ ಮಾಡುವುದು ಎಂಬ ಎರಡೂ ಅರ್ಥ ಆ ಮಾತಿಗಿದೆ. ಮರೆವಿನವರನ್ನು ಉಳಿದವರಿಂದ ಬೇರ್ಪಡಿಸಿದರೆ ಅವರ ಗೊಂದಲ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ ಎಂಬುದು ಮೀಚರ್ ಅವರ ನಿಲುವು. ಈ ವಾದ ಪೂರ್ತಿ ಗೆಲ್ಲಲಿಲ್ಲ. ರಾತ್ರಿಯೆಲ್ಲ ಓಡಾಡುವವರ ಮತ್ತು ನಿದ್ದೆ ಬೇಕಾದವರ ಕಷ್ಟ ಒಂದೇ ಸೂರಿನಡಿ ಬಗೆಹರಿಯುವಂಥದಲ್ಲ. ಆದರೂ ಬೀಗ ಹಾಕಿ ಬೇರ್ಪಡಿಸುವುದನ್ನೇ ಆರೈಕೆ ಎಂದು ಕರೆಯಬಾರದೆಂಬ ಎಚ್ಚರ ಆ ಪುಸ್ತಕದಿಂದ ಉಳಿಯಿತು.

1980ರಲ್ಲಿ ಖಾಸಗಿ ಆರೈಕೆ ಮನೆಗಳ ಶುಲ್ಕವನ್ನು ಸಾಮಾಜಿಕ ಭದ್ರತೆಯ ಹಣದಿಂದ ಭರಿಸಲು ನಿಯಮ ಸಡಿಲವಾದಾಗ ಮನೆಗಳು ಅಣಬೆಯಂತೆ ಎದ್ದವು. 1979ರಲ್ಲಿ ಸುಮಾರು 1 ಕೋಟಿ ಪೌಂಡ್ ಇದ್ದ ಈ ವೆಚ್ಚ ಮುಂದಿನ ದಶಕದ ಕೊನೆಯ ಹೊತ್ತಿಗೆ 100 ಕೋಟಿ ಪೌಂಡ್ ದಾಟಿತ್ತು. ಮನೆಗಳು ಹೆಚ್ಚಿದವು, ಒಳಗಿನ ದಿನಚರಿ ಹೆಚ್ಚೇನೂ ಬದಲಾಗಲಿಲ್ಲ. ಅದನ್ನು ಬದಲಿಸುವ ಯೋಚನೆ ಬಂದದ್ದು ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್ ಅವರಿಂದ. ಡಿಮೆನ್ಷಿಯಾ ಬಂದವರ ಕುಸಿತಕ್ಕೆ ಮಿದುಳಿನ ಹಾನಿಯೊಂದೇ ಕಾರಣವಲ್ಲ, ಸುತ್ತಲಿನವರ ನಡವಳಿಕೆಯೂ ಕಾರಣ ಎಂದು ಅವರು ವಾದಿಸಿದರು. ಮಗುವಿನಂತೆ ಗದರುವುದು, ಎದುರಿಗಿದ್ದಾಗಲೇ ಇಲ್ಲದವರಂತೆ ಮಾತಾಡಿಕೊಳ್ಳುವುದು, ಅವಸರಪಡಿಸಿ ಉಣಿಸುವುದು ಇಂಥವೆಲ್ಲ ಕೆಟ್ಟ ಮನಸ್ಸಿನಿಂದಲ್ಲ, ರೂಢಿಯಿಂದ ನಡೆಯುವ ಹಾನಿ ಎಂದು ಪಟ್ಟಿ ಮಾಡಿದರು. ಅವರೂ ಸಂಗಡಿಗರೂ ರೂಪಿಸಿದ ‘ಡಿಮೆನ್ಷಿಯಾ ಕೇರ್ ಮ್ಯಾಪಿಂಗ್’ ವಿಧಾನದಲ್ಲಿ ವೀಕ್ಷಕರೊಬ್ಬರು ಗಂಟೆಗಟ್ಟಲೆ ಹಜಾರದ ಮೂಲೆಯಲ್ಲಿ ಕುಳಿತು, ಒಬ್ಬ ಹಿರಿಯರು ಏನು ಮಾಡುತ್ತಿದ್ದಾರೆ, ನೆಮ್ಮದಿಯಲ್ಲಿದ್ದಾರೆಯೇ, ಯಾರಾದರೂ ಅವರನ್ನು ಮಾತಾಡಿಸಿದರೇ ಎಂದು 5 ನಿಮಿಷಕ್ಕೊಮ್ಮೆ ಗುರುತು ಹಾಕಿಕೊಳ್ಳುತ್ತಾರೆ. ದಿನದ ಕೊನೆಗೆ ಆ ಹಾಳೆಯನ್ನು ನೋಡಿದರೆ, ಊಟ ಕೊಟ್ಟು ಸ್ನಾನ ಮಾಡಿಸಿದ ಮನೆಯಲ್ಲೂ ಒಬ್ಬ ಮನುಷ್ಯ ಎಷ್ಟು ಹೊತ್ತು ಒಂಟಿಯಾಗಿ ಉಳಿದ ಎಂಬುದು ಅಲ್ಲಗಳೆಯಲಾಗದಂತೆ ಕಾಣುತ್ತದೆ. ಕಿಟ್‌ವುಡ್ ಅವರ ‘ಡಿಮೆನ್ಷಿಯಾ ರೀಕನ್ಸಿಡರ್ಡ್’ 1997ರಲ್ಲಿ ಬಂತು. ಮರುವರ್ಷ ಅವರು ತೀರಿಕೊಂಡರು. ಅವರ ವಿಚಾರವನ್ನು ಎಲ್ಲರೂ ಹೊಗಳಿದರೂ ಆಚರಣೆ ಹಿಂದುಳಿದಿತ್ತು ಎಂಬುದಕ್ಕೆ 2009ರ ಬ್ಯಾನರ್ಜಿ ವರದಿ ಸಾಕ್ಷಿ: ಬ್ರಿಟನ್ನಿನಲ್ಲಿ ಸುಮಾರು 1,80,000 ಡಿಮೆನ್ಷಿಯಾ ರೋಗಿಗಳಿಗೆ ಮನೋವಿಕಾರಕ್ಕೆ ಕೊಡುವ ಔಷಧಗಳನ್ನು ನೀಡಲಾಗುತ್ತಿದೆ, ಅದರಿಂದ ವರ್ಷಕ್ಕೆ ಸುಮಾರು 1,800 ಹೆಚ್ಚುವರಿ ಸಾವು ಸಂಭವಿಸುತ್ತಿದೆ ಎಂದು ಅದು ಅಂದಾಜಿಸಿತು. ಬಾಗಿಲ ಬೀಗ ಗುಳಿಗೆಯ ರೂಪದಲ್ಲಿ ಉಳಿದುಕೊಂಡಿತ್ತು.

ಮನೆಯ ಗಾತ್ರವನ್ನೇ ಇಳಿಸುವ ಧೈರ್ಯ ತೋರಿದ್ದು ಬೇರೆ ದೇಶಗಳು. ಸ್ವೀಡನ್ನಿನ ಮೂತಾಲ ಪಟ್ಟಣದಲ್ಲಿ ವೈದ್ಯೆ ಬಾರ್ಬ್ರೋ ಬೆಕ್-ಫ್ರೀಸ್ 1985ರಲ್ಲಿ ಆರಂಭಿಸಿದ ಬಾಲ್ಟ್ಸರ್‌ಗೋರ್ಡೆನ್ ಎಂಬ ಮನೆಯ ಮಾದರಿಯಲ್ಲಿ, ಆರೆಂಟು ಮಂದಿ ಒಂದು ಅಡುಗೆಮನೆಯ ಸುತ್ತ ಬದುಕುವ ಗುಂಪುಮನೆಗಳು ಆ ದೇಶದಲ್ಲೆಲ್ಲ ಹರಡಿದವು. ನೆದರ್ಲೆಂಡ್ಸ್‌ನ ವೇಸ್ಪ್ ಊರಿನಲ್ಲಿ 2009ರಲ್ಲಿ ತೆರೆದ ಹೊಗೆವೇಕ್ ಇದನ್ನು ಇನ್ನೂ ಮುಂದಕ್ಕೊಯ್ದಿತು: 152 ಮಂದಿಯನ್ನು 23 ಮನೆಗಳಲ್ಲಿ, ಮನೆಗೆ ಆರೇಳು ಮಂದಿಯಂತೆ ಇರಿಸಿ, ಸುತ್ತ ಬೀದಿ, ಅಂಗಡಿ, ಹೋಟೆಲು, ರಂಗಮಂದಿರಗಳನ್ನು ಕಟ್ಟಲಾಯಿತು. ಆಯಾ ಮನೆಯ ಅಡುಗೆ ಅಲ್ಲೇ ಆಗುತ್ತದೆ. ಒಗ್ಗರಣೆಯ ವಾಸನೆಯೇ ಊಟದ ಹೊತ್ತಾಯಿತೆಂದು ಹೇಳುವ ಗಂಟೆ ಎಂಬುದನ್ನು ಕನ್ನಡದ ಓದುಗರಿಗೆ ವಿವರಿಸಬೇಕಾಗಿಲ್ಲ. ಹಿಂದೆ ಡಚ್ಚರ ವಸಾಹತಾಗಿದ್ದ ಇಂಡೋನೇಷ್ಯಾದ ಬದುಕಿಗೆ ಒಗ್ಗಿದವರಿಗಾಗಿ ಆ ರೀತಿನೀತಿಯ ಮನೆಗಳೂ ಅಲ್ಲಿದ್ದವು. ಹೊರ ಹೆಬ್ಬಾಗಿಲು ಅಲ್ಲಿಯೂ ಮುಚ್ಚಿಯೇ ಇರುತ್ತದೆ, ಆದರೆ ಅದರಿಂದೀಚೆಗೆ ಬೀದಿಯಲ್ಲಿ ಅಡ್ಡಾಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಭಾರತಕ್ಕೆ ವರ್ಕ್‌ಹೌಸ್ ಬರಲಿಲ್ಲ. ಅರಳುಮರಳಿನ ಅಜ್ಜ ಜಗುಲಿಯಲ್ಲೂ ಅಜ್ಜಿ ನಡುಮನೆಯಲ್ಲೂ ಉಳಿದರು. ಆದರೆ ಈ ವ್ಯವಸ್ಥೆಯನ್ನು ನಡೆಸಿದ್ದು ಸೊಸೆಯಂದಿರ ಮತ್ತು ಹೆಣ್ಣುಮಕ್ಕಳ ದಾಖಲೆಯಿಲ್ಲದ ದುಡಿಮೆ ಎಂಬುದನ್ನು ಒಟ್ಟು ಕುಟುಂಬದ ಹೊಗಳಿಕೆಯಲ್ಲಿ ಮರೆಯಬಾರದು. 1992ರಲ್ಲಿ ಕೇರಳದಲ್ಲಿ ಡಾ. ಕೆ. ಜೇಕಬ್ ರಾಯ್ ಸ್ಥಾಪಿಸಿದ ಆಲ್‌ಝೈಮರ್ ಸಂಘ, 1998ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2010ರಲ್ಲಿ ಕಸ್ತೂರಿನಗರದಲ್ಲಿ ಡಿಮೆನ್ಷಿಯಾಕ್ಕೆಂದೇ ವಸತಿ ಕೇಂದ್ರ ತೆರೆದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಇಂಥವು ಇಲ್ಲಿನ ಮೊದಲ ಹೆಜ್ಜೆಗಳು. ಆಲ್‌ಝೈಮರ್ ಪೀಡಿತ ತಂದೆ ಕಾಣೆಯಾಗುವ ಕಥೆಯ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರ 2016ರಲ್ಲಿ ಬಂದಾಗ ಕನ್ನಡದ ಪ್ರೇಕ್ಷಕರಿಗೆ ಈ ಕಾಯಿಲೆಯ ಹೆಸರು ಮನೆಮಾತಾಯಿತು. ದೇಶದಲ್ಲಿ ಡಿಮೆನ್ಷಿಯಾ ಇರುವವರು 2010ರ ಅಂದಾಜಿನಂತೆ 37 ಲಕ್ಷ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ 60 ದಾಟಿದವರಲ್ಲಿ ಶೇ. 7.4, ಅಂದರೆ 88 ಲಕ್ಷ.

ಇಷ್ಟು ಮಂದಿಯ ಹಣವಿಲ್ಲದ ಪಾಲಿಗೆ ಕಾನೂನು ಕೊಡುವ ಸೂರು ಯಾವುದು ಎಂದು ಹುಡುಕಿದರೆ ಸಿಗುವುದು 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯ 19ನೇ ಕಲಮು. ರಾಜ್ಯ ಸರ್ಕಾರಗಳು ಹಂತಹಂತವಾಗಿ, ಜಿಲ್ಲೆಗೆ ಒಂದಾದರೂ ಇರುವಂತೆ ವೃದ್ಧಾಶ್ರಮಗಳನ್ನು ಸ್ಥಾಪಿಸಬಹುದು ಎನ್ನುತ್ತದೆ ಅದು, ಸ್ಥಾಪಿಸಲೇಬೇಕು ಎನ್ನುವುದಿಲ್ಲ. ಅಂಥ ಆಶ್ರಮದಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರಬೇಕು ಎಂದೂ ಹೇಳುತ್ತದೆ. ಹೊಗೆವೇಕ್ 23 ಮನೆಗಳಿಗೆ ಹಂಚಿದ್ದೂ ಹೆಚ್ಚುಕಡಿಮೆ ಇಷ್ಟೇ ಮಂದಿಯನ್ನು. ಒಂದು ಸೂರಿನಡಿ ಎಷ್ಟು ಮಂದಿ ಮೀರಬಾರದು ಎಂಬುದಕ್ಕೆ ನಮ್ಮ ಕಲಮಿನಲ್ಲಿ ಯಾವ ಅಂಕಿಯೂ ಇಲ್ಲ.