ತದ್ಮೋರ್

ಸೀಫಿಯಸ್ ನಕ್ಷತ್ರಪುಂಜದಲ್ಲಿರುವ ಗ್ಯಾಮಾ ಸೀಫೈ ಎಂಬ ಜೋಡಿ ನಕ್ಷತ್ರದ ದೊಡ್ಡ ತಾರೆಯನ್ನು ಸುತ್ತುವ ದೈತ್ಯ ಗ್ರಹ. ದೂರ ಸುಮಾರು 45 ಜ್ಯೋತಿರ್ವರ್ಷ. ದ್ರವ್ಯರಾಶಿ ಗುರುಗ್ರಹದ ಕನಿಷ್ಠ 1.7 ಪಟ್ಟು. ಒಂದು ಸುತ್ತಿಗೆ ಹಿಡಿಯುವ ಕಾಲ ಸುಮಾರು ಎರಡೂವರೆ ವರ್ಷ. 1988ರಲ್ಲಿ ಇದರ ಸುಳಿವು ಸಿಕ್ಕಿತ್ತು. ಗ್ರಹವೆಂದು ಸ್ಥಿರಪಡಲು ಮತ್ತೆ ಹದಿನೈದು ವರ್ಷ ಬೇಕಾಯಿತು.

ಗ್ರಹದ ಸೆಳೆತಕ್ಕೆ ಅದರ ನಕ್ಷತ್ರವೂ ತುಸು ತೂಗುತ್ತದೆ. ಆಗ ನಕ್ಷತ್ರದ ರೋಹಿತದಲ್ಲಿರುವ ಕಪ್ಪು ಗೆರೆಗಳು ಒಮ್ಮೆ ನೀಲಿಯ ಕಡೆಗೆ, ಒಮ್ಮೆ ಕೆಂಪಿನ ಕಡೆಗೆ ಕೂದಲೆಳೆಯಷ್ಟು ಜರುಗುತ್ತವೆ. ಇದನ್ನು ಅಳೆಯಲು ಕೆನಡಾದ ಬ್ರೂಸ್ ಕ್ಯಾಂಬೆಲ್ ಮತ್ತು ಗಾರ್ಡನ್ ವಾಕರ್ ಹವಾಯಿಯ ಮೌನಾ ಕೀ ಶಿಖರದ 3.6 ಮೀಟರ್ ದೂರದರ್ಶಕದ ಬೆಳಕಿನ ಹಾದಿಯಲ್ಲಿ ಹೈಡ್ರೋಜನ್ ಫ್ಲೋರೈಡ್ ತುಂಬಿದ ಕೋಶವನ್ನಿಟ್ಟರು. ಗಾಜನ್ನೇ ಕೊರೆಯುವ ವಿಷಾನಿಲವದು. ಆದರೆ ಅದರ ಅಲುಗದ ಗೆರೆಗಳು ನಕ್ಷತ್ರದ ಗೆರೆಗಳ ಮಗ್ಗುಲಲ್ಲೇ ಮೂಡಿ ಅಳತೆಪಟ್ಟಿಯಾದವು. 1988ರಲ್ಲಿ ಸ್ಟೀವನ್‌ಸನ್ ಯಾಂಗ್ ಜೊತೆಗೂಡಿ ಅವರು ಪ್ರಕಟಿಸಿದ ಅಳತೆಗಳಲ್ಲಿ ಎರಡು ಚಲನೆಗಳಿದ್ದವು: ಸಂಗಾತಿ ನಕ್ಷತ್ರದಿಂದಾದ ನಿಧಾನದ ಸೆಳೆತ; ಅದರ ಮೇಲೆ ಸೆಕೆಂಡಿಗೆ 25 ಮೀಟರಿನಷ್ಟು, ಎಂದರೆ ಹೆದ್ದಾರಿಯ ಬಸ್ಸಿನ ವೇಗದಷ್ಟು, ಚಿಕ್ಕ ಏರಿಳಿತ.

ಏರಿಳಿತಕ್ಕೆ ಗ್ರಹವೇ ಕಾರಣವೇ? ನಕ್ಷತ್ರದ ಕ್ಯಾಲ್ಸಿಯಂ ಗೆರೆಯೂ ಸುಮಾರು ಅದೇ ಅವಧಿಯಲ್ಲಿ ಬದಲಾಗುತ್ತಿರುವಂತೆ ಕಂಡಿತು. ತಾರೆ ತನ್ನ ಅಕ್ಷದ ಮೇಲೆ ತಿರುಗುವುದೇ ಕಾರಣವಿರಬೇಕೆಂದು 1992ರಲ್ಲಿ ವಾಕರ್ ತಂಡವೇ ಹೇಳಿತು. ಕೈಯಲ್ಲಿದ್ದ ಪುರಾವೆಯ ಮಟ್ಟಿಗೆ ಅದು ಪ್ರಾಮಾಣಿಕ ತೀರ್ಮಾನ. ಸೂರ್ಯನಂಥ ನಕ್ಷತ್ರವೊಂದರ ಮೊದಲ ಗ್ರಹವೆಂಬ ಕೀರ್ತಿ 1995ರಲ್ಲಿ 51 ಪೆಗಾಸಿಯ ಗ್ರಹಕ್ಕೆ ಸಂದಿತು. ಅಷ್ಟರಲ್ಲಿ ಟೆಕ್ಸಸ್‌ನ ಮೆಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿ ಅಯೋಡಿನ್ ಕೋಶದ ನೆರವಿನಿಂದ ಇದೇ ನಕ್ಷತ್ರದ ವೀಕ್ಷಣೆ ಸಾಗಿತ್ತು. ಆರ್ಟಿ ಹ್ಯಾಟ್ಜಸ್, ವಿಲಿಯಂ ಕಾಕ್ರನ್ ಮತ್ತು ಸಂಗಡಿಗರು ಕೆನಡಾದವರ ಹಳೆಯ ಅಳತೆಗಳನ್ನೂ ಸೇರಿಸಿ 1981ರಿಂದ 2002ರವರೆಗಿನ ದಾಖಲೆಯನ್ನು ಪರಿಶೀಲಿಸಿದರು. ಎರಡು ದಶಕದುದ್ದಕ್ಕೂ ಏರಿಳಿತದ ಲಯ ತಪ್ಪಿರಲಿಲ್ಲ. ಕ್ಯಾಲ್ಸಿಯಂ ಗೆರೆಗಳಲ್ಲಿ ಆ ಲಯವಿರಲಿಲ್ಲ. 2003ರಲ್ಲಿ ಅದು ಗ್ರಹವೆಂದು ಪ್ರಕಟವಾಯಿತು.

ಸಂಗಾತಿ ನಕ್ಷತ್ರ ಕಣ್ಣಿಗೆ ಬಿದ್ದದ್ದು ಅದಕ್ಕೂ ತಡವಾಗಿ. ಅದರ ಚಿತ್ರಗಳು 2007ರಲ್ಲಿ ಪ್ರಕಟವಾದವು. ಸೂರ್ಯನ ಸುಮಾರು 0.4ರಷ್ಟು ದ್ರವ್ಯರಾಶಿಯ ಈ ಕೆಂಪು ಕುಬ್ಜ, ದೊಡ್ಡ ತಾರೆಯಿಂದ ಸರಾಸರಿ 20 ಖಗೋಳಮಾನ ದೂರದಲ್ಲಿದೆ. ಅಂದರೆ ನಮ್ಮ ಯುರೇನಸ್ ಇರುವಷ್ಟು ದೂರದಲ್ಲಿ ಇನ್ನೊಂದು ಸೂರ್ಯ. ಇಷ್ಟು ಸಮೀಪದ ನೆರೆಯ ಎಳೆತ ತಾಳಿಕೊಂಡು ಅನಿಲ, ಧೂಳಿನ ತಟ್ಟೆಯಲ್ಲಿ ದೈತ್ಯ ಗ್ರಹ ಹೇಗೆ ಕೂಡಿಬಂದೀತು ಎಂಬ ಪ್ರಶ್ನೆ ಗ್ರಹವಿಜ್ಞಾನಿಗಳನ್ನು ಈಗಲೂ ಕಾಡುತ್ತಿದೆ.

2015ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹಕ್ಕೆ ಸಿರಿಯಾದ ಪಾಲ್ಮೈರಾ ನಗರದ ಪ್ರಾಚೀನ ಹೆಸರನ್ನಿಟ್ಟಿತು. ನಕ್ಷತ್ರದ ಹೆಸರು ಎರಾಯ್. ಅರಬ್ಬಿಯಲ್ಲಿ ಕುರುಬ ಎಂದರ್ಥ. ಭೂಮಿಯ ಅಕ್ಷ ಮೆಲ್ಲನೆ ತಿರುಗುವುದರಿಂದ ಸುಮಾರು ಸಾವಿರ ವರ್ಷದ ಬಳಿಕ ಎರಾಯ್ ನಕ್ಷತ್ರವೇ ಧ್ರುವತಾರೆಯಾಗಲಿದೆ. ಕರ್ನಾಟಕದಲ್ಲಿ ನವೆಂಬರ್ ನಡುವಿನ ರಾತ್ರಿ ಎಂಟರ ಹೊತ್ತಿಗೆ, ಉತ್ತರ ದಿಕ್ಕು ತೆರೆದಿರುವ ಬಯಲಿನಲ್ಲಿ ನಿಂತರೆ, ಇಂದಿನ ಧ್ರುವನ ಮೇಲ್ಗಡೆ ಅದು ಬರಿಗಣ್ಣಿಗೇ ಕಾಣುತ್ತದೆ.