ದಿಲ್ಲಿಗೆ ಹೋದ ಅರ್ಜಿಗಳು

ಅರ್ಜಿ ಎಂಬುದು ನಮ್ಮ ಕಡೆಯ ಒಕ್ಕಲಿಗನಿಗೆ ಹೊಸ ಮಾತಲ್ಲ. ಮಾಮಲೇದಾರ ಕಚೇರಿಯ ಮುಂದೆ ಮರದ ನೆರಳಲ್ಲಿ ಕುಳಿತು, ಅರ್ಜಿ ಬರೆಯುವವನೆದುರು ತನ್ನ ಅಳಲನ್ನು ತೋಡಿಕೊಂಡು, ಕೊನೆಗೆ ಹೆಬ್ಬೆಟ್ಟೊತ್ತಿ ಊರಿಗೆ ಮರಳುವುದು ಅವನ ಅಜ್ಜ ಮುತ್ತಜ್ಜಂದಿರಿಂದ ಬಂದ ರೂಢಿ. ಕಾಗದ ಎಲ್ಲಿಗೆ ಹೋಯಿತು, ಅದನ್ನು ಯಾರು ಓದಿದರು ಎಂದು ಕೇಳುವ ಧೈರ್ಯ ಮಾತ್ರ ಅವನಿಗಿರಲಿಲ್ಲ. ದೊರೆಯ ಮುಂದೆ ಬೇಡುವವನು ಉತ್ತರವನ್ನು ಹಕ್ಕೆಂದು ಕೇಳಬಲ್ಲನೆ?

ಈ ಬೇಡಿಕೆಯ ಇತಿಹಾಸ ಬಾದಾಮಿಯಷ್ಟೇ ಹಳೆಯದು. ಚಾಲುಕ್ಯ ಅರಸರ ತಾಮ್ರಶಾಸನಗಳಲ್ಲಿ, ಇಂಥವರ ವಿಜ್ಞಾಪನೆಯ ಮೇರೆಗೆ ಈ ಭೂಮಿಯನ್ನು ಕೊಟ್ಟೆವು ಎಂಬ ಒಕ್ಕಣೆ ಬರುತ್ತದೆ. ಆ ವಿಜ್ಞಾಪನವೇ ಕನ್ನಡದ ಬಾಯಲ್ಲಿ ಬಿನ್ನಪವಾಯಿತು. ಮುಂದೆ ಸುಲ್ತಾನರ ಆಳಿಕೆಯಲ್ಲಿ ಪಾರಸಿಯ ದಾರಿಯಿಂದ ಅರ್ಜಿ ಎಂಬ ಪದ ಬಂದಿತು, ಪೇಶವೆಯರ ಕಾಲಕ್ಕೆ ಕಚೇರಿಯ ಕಾಗದಗಳು ಮೋಡಿ ಲಿಪಿಯ ಮರಾಠಿಯಲ್ಲಿ ನಡೆದವು, ಆಮೇಲೆ ಇಂಗ್ಲಿಷು. ಪದ ಬದಲಾಯಿತು, ಲಿಪಿ ಬದಲಾಯಿತು. ಬೇಡುವವನ ಬಾಗಿದ ಬೆನ್ನು ಬದಲಾಗಲಿಲ್ಲ. ಬೆನ್ನು ಬಾಗಿಸದವರ ಗತಿ ಏನಾಯಿತೆಂಬುದಕ್ಕೆ ಹಲಗಲಿಯೇ ಸಾಕ್ಷಿ. 1857ರಲ್ಲಿ ಆಯುಧಗಳನ್ನು ಒಪ್ಪಿಸೆವು ಎಂದ ಬೇಡರಿಗೆ ಕುಂಪಣಿ ಸರಕಾರ ಉತ್ತರ ಕೊಟ್ಟದ್ದು ಕಾಗದದಿಂದಲ್ಲ, ಬಂದೂಕಿನಿಂದ ಮತ್ತು ನೇಣುಗಂಬದಿಂದ.

1950ರ ಜನವರಿ 26ರಂದು ಭಾರತ ಗಣರಾಜ್ಯವಾಯಿತು. ಅಂದು ಜಾರಿಗೆ ಬಂದ ಸಂವಿಧಾನದಲ್ಲಿ 350ನೆಯ ಅನುಚ್ಛೇದವೆಂಬುದೊಂದಿದೆ. ಹೆಚ್ಚು ಜನರ ಬಾಯಲ್ಲಿ ಬಾರದ ಅನುಚ್ಛೇದವದು. ಯಾವ ವ್ಯಕ್ತಿಯೇ ಆಗಲಿ, ತನ್ನ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಹಕ್ಕುಳ್ಳವನು ಎಂಬುದು ಅದರ ತಾತ್ಪರ್ಯ. ಹುನಗುಂದದ ರೈತನೊಬ್ಬ ಕನ್ನಡದಲ್ಲಿ ಒಂದು ಕಾರ್ಡು ಬರೆದು ದಿಲ್ಲಿಯ ಪ್ರಧಾನಮಂತ್ರಿಗೆ ಕಳಿಸಿದರೆ, ಅದು ಭಾಷೆ ತಿಳಿಯದವನ ಅಪರಾಧವಲ್ಲ, ನಾಗರಿಕನ ಅಧಿಕಾರ. ಬಿನ್ನಪ ಹಕ್ಕಾದದ್ದು ಹೀಗೆ.

ಆ ಹಕ್ಕನ್ನು ಚಲಾಯಿಸಲು ನಮ್ಮ ಭಾಗದವರಿಗೆ ಕಾರಣ ಬಹಳವಿತ್ತು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ವಿಜಾಪುರ ಜಿಲ್ಲೆಗೆ ಸೇರಿ ಮುಂಬಯಿ ಇಲಾಖೆಯಲ್ಲಿದ್ದವು. ನೆರೆಯ ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಆ ಸಂಸ್ಥಾನಗಳು ಮುಂಬಯಿಯಲ್ಲಿ ವಿಲೀನವಾದದ್ದು 1948ರಲ್ಲಿ. ಇಳಕಲ್ಲಿನಿಂದ ತೆಂಕಣಕ್ಕೆ ಕುಷ್ಟಗಿಯ ದಾರಿ ಹಿಡಿದರೆ ಸ್ವಲ್ಪದರಲ್ಲಿಯೇ ನಿಜಾಮನ ಸೀಮೆ, ಜನರ ಮಾತಿನಲ್ಲಿ ಮೊಗಲಾಯಿ. ಅಲ್ಲಿ ನಾಣ್ಯ ಬೇರೆ, ಸುಂಕ ಬೇರೆ, ಕಚೇರಿಯ ಭಾಷೆ ಉರ್ದು. ಕೊಂಡಿ ಹಾಕಿ ಸೀರೆಯ ಒಡಲಿಗೆ ಕೆಂಪು ಸೆರಗನ್ನು ಕೂಡಿಸುವ ಇಳಕಲ್ಲಿನ ನೇಕಾರ, ಎರಡು ಹಾಸನ್ನು ಒಂದು ಮಾಡಬಲ್ಲವನಾಗಿದ್ದ. ಒಂದೇ ಮಾತಿನ ಎರಡು ಊರುಗಳನ್ನು ಒಂದು ಮಾಡುವುದು ಅವನ ಕೈಯಲ್ಲಿರಲಿಲ್ಲ.

ಈ ಒಡಕು ನೀಗಬೇಕೆಂಬ ಕೂಗು ಗಣರಾಜ್ಯಕ್ಕಿಂತ ಹಿಂದಿನದು. ವಿಜಾಪುರದಲ್ಲಿ ಹುಟ್ಟಿದ ಆಲೂರ ವೆಂಕಟರಾಯರು ತಮ್ಮ ಬಾಳನ್ನೇ ಇದಕ್ಕಾಗಿ ಸವೆಸಿದರು. 1928ರಲ್ಲಿ ಮೋತೀಲಾಲ ನೆಹರೂ ಅವರ ಸಮಿತಿಯ ಮುಂದೆ ಕರ್ನಾಟಕ ಏಕೀಕರಣ ಸಂಘ ಹಾಗೂ ಪ್ರಾಂತಿಕ ಕಾಂಗ್ರೆಸ್ ಸಮಿತಿಯವರು ಅಂಕಿಸಂಖ್ಯೆಗಳೊಡನೆ ತಮ್ಮ ವಾದ ಮಂಡಿಸಿದಾಗ, ಸಮಿತಿ ಅದನ್ನು ಮೆಚ್ಚಿ, ಮೇಲ್ನೋಟಕ್ಕೆ ಬಲವಾದ ಪಕ್ಷವೆಂದು ಒಪ್ಪಿತು. 1937ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಜಮಖಂಡಿಯಲ್ಲಿಯೇ ಸೇರಿತು.

ಆದರೆ ತಂದೆಯ ಸಮಿತಿ ಒಪ್ಪಿದ್ದನ್ನು ಮಗನ ಸರಕಾರ ಬೇಗನೆ ಕೊಡಲಿಲ್ಲ. ದೇಶವಿಭಜನೆಯ ಗಾಯ ಹಸಿಯಾಗಿದ್ದ ಕಾಲ. 1949ರಲ್ಲಿ ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿ ಭಾಷಾವಾರು ಪ್ರಾಂತಗಳ ವಿಚಾರವನ್ನು ಸದ್ಯಕ್ಕೆ ಮುಂದೂಡುವುದೇ ಲೇಸೆಂದಿತು. ಅವರ ಅಂಜಿಕೆ ಹುರುಳಿಲ್ಲದ್ದೆಂದು ಹೇಳಲಾಗದು. ಆದರೆ ಕಾಯ್ದವರ ತಾಳ್ಮೆಗೂ ಮಿತಿಯುಂಟು. 1952ರ ಡಿಸೆಂಬರ 15ರಂದು ಪೊಟ್ಟಿ ಶ್ರೀರಾಮುಲು ಆಂಧ್ರಕ್ಕಾಗಿ ಉಪವಾಸವಿದ್ದು ಪ್ರಾಣಬಿಟ್ಟರು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಕರ್ನಾಟಕಕ್ಕಾಗಿ ಉಪವಾಸ ಕೈಕೊಂಡರು. ಹುಬ್ಬಳ್ಳಿಯಲ್ಲಿ ಜನ ಕೆರಳಿದರು. ಕಾಗದವೊಂದೇ ಕೆಲಸ ಮಾಡಿತೆಂದರೆ ಈ ಜೀವಗಳಿಗೆ ಅನ್ಯಾಯ ಮಾಡಿದಂತೆ.

1953ರ ಡಿಸೆಂಬರ 22ರಂದು ನೆಹರೂ ಸಂಸತ್ತಿನಲ್ಲಿ ರಾಜ್ಯ ಪುನರ್ರಚನಾ ಆಯೋಗವನ್ನು ಸಾರಿದರು. ಸಯ್ಯದ್ ಫಜಲ್ ಅಲಿ ಅಧ್ಯಕ್ಷರು. ಹೃದಯನಾಥ ಕುಂಜರು ಮತ್ತು ಕೆ. ಎಂ. ಪಣಿಕ್ಕರ್ ಸದಸ್ಯರು. 1954ರ ಏಪ್ರಿಲ್ 24ರೊಳಗೆ ಮನವಿಗಳನ್ನು ಕಳಿಸಬೇಕೆಂದು ಆಯೋಗ ಜನರನ್ನು ಕೇಳಿಕೊಂಡಿತು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಾಡಿನ ಗಡಿಯನ್ನು ಅದುವರೆಗೆ ಗೆರೆಯೆಳೆದು ನಿರ್ಧರಿಸಿದವರು ಯುದ್ಧ ಗೆದ್ದವರು. ನಿಮ್ಮ ರಾಜ್ಯ ಹೇಗಿರಬೇಕು, ಬರೆದು ತಿಳಿಸಿರಿ ಎಂದು ಆಳುವವರೇ ಪ್ರಜೆಗಳನ್ನು ಕೇಳಿದ್ದು ಅಪೂರ್ವ ಸಂಗತಿ.

ಬಂದ ಕಾಗದಗಳ ಒಟ್ಟು ಸಂಖ್ಯೆ 1,52,250. ತಾರುಗಳು, ಸಭೆಗಳ ಠರಾವುಗಳು, ಅಚ್ಚು ಹಾಕಿಸಿದ ಮನವಿಗಳು ಎಲ್ಲವೂ ಇದರಲ್ಲಿ ಸೇರಿದವು. ಇವುಗಳಲ್ಲಿ ಚೆನ್ನಾಗಿ ವಿಚಾರಮಾಡಿ ಬರೆದವು ಸುಮಾರು 2,000ಕ್ಕೆ ಮೀರಲಿಲ್ಲವೆಂದು ಆಯೋಗವೇ ಹೇಳಿದೆ. ಸದಸ್ಯರು 104 ಸ್ಥಳಗಳನ್ನು ಸಂದರ್ಶಿಸಿ 9,000ಕ್ಕೂ ಮಿಕ್ಕಿದ ಜನರ ಮಾತು ಕೇಳಿದರು. ಹಾಗಾದರೆ ಉಳಿದ ಒಂದೂವರೆ ಲಕ್ಷ ಕಾಗದಗಳು ವ್ಯರ್ಥವೆ? ಹಾಗೆನ್ನಲಾಗದು. ಎರಡು ಸಾವಿರ ಮನವಿಗಳು ವಾದವನ್ನು ಒದಗಿಸಿದವು. ಮಿಕ್ಕವು ಆ ವಾದದ ಹಿಂದೆ ಜನ ನಿಂತಿದ್ದಾರೆಂಬುದನ್ನು ತೋರಿಸಿದವು. ಒಂದೇ ಮಾತನ್ನು ನೂರು ಊರವರು ಬರೆದರೆ ಅದು ಪುನರುಕ್ತಿಯಲ್ಲ, ಎಣಿಕೆ.

1955ರ ಸಪ್ಟೆಂಬರ 30ರಂದು ಆಯೋಗ ತನ್ನ ವರದಿಯನ್ನು ಸರಕಾರಕ್ಕೆ ಒಪ್ಪಿಸಿತು. ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳೂ, ಚಂದಗಡ ಬಿಟ್ಟು ಬೆಳಗಾವಿಯೂ ಹೊಸ ರಾಜ್ಯಕ್ಕೆ ಸೇರಬೇಕೆಂದಿತು. 1956ರ ನವೆಂಬರ 1ರಂದು ಇಳಕಲ್ಲೂ ಕುಷ್ಟಗಿಯೂ ಒಂದೇ ಮನೆಯೊಳಗೆ ಬಂದವು. ಕರ್ನಾಟಕವೆಂಬ ಹೆಸರು ಬರಲು 1973ರವರೆಗೆ ಕಾಯಬೇಕಾಯಿತು. ಎಲ್ಲರ ಅರ್ಜಿಯೂ ಫಲಿಸಲಿಲ್ಲ. ಕಾಸರಗೋಡಿನ ಕನ್ನಡಿಗರು ಕೇರಳದಲ್ಲಿಯೇ ಉಳಿದರು.

ನಾಡು ಒಂದಾದ ಮಾತ್ರಕ್ಕೆ ಅರ್ಜಿಯ ಕತೆ ಮುಗಿಯಿತೆ? 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲಿಟ್ಟರು. ಕಾಲಾಂತರದಲ್ಲಿ ಹಿನ್ನೀರು ಬಂದು ಹಳೆಯ ಬಾಗಲಕೋಟೆಯ ಭಾಗಗಳನ್ನೂ ಅನೇಕ ಹಳ್ಳಿಗಳ ಹೊಲಮನೆಗಳನ್ನೂ ನುಂಗಿತು, ನವನಗರ ಎದ್ದಿತು. ಹೊಲ ಕಳಕೊಂಡವರು ಮತ್ತೆ ಅರ್ಜಿ ಹಿಡಿದು ನಿಂತರು. 1997ರಲ್ಲಿ ಬಾಗಲಕೋಟೆಯೇ ಜಿಲ್ಲೆಯಾದ ಮೇಲೆ ಕಚೇರಿಯ ಬಾಗಿಲೂ ಹತ್ತಿರವಾಯಿತು.

ಗಣರಾಜ್ಯ ನಮ್ಮ ಎಲ್ಲ ಕೊರತೆಗಳನ್ನು ನೀಗಲಿಲ್ಲ. ಆದರೆ ಮುಂಬಯಿಗೆ ಪರಭಾಷೆಯಲ್ಲಿ ಬೇಡಬೇಕಾಗಿದ್ದವನು ಇಂದು ತನ್ನೂರಿನಲ್ಲಿ, ತನ್ನ ಮಾತಿನಲ್ಲಿ, ನನ್ನ ಅರ್ಜಿ ಏನಾಯಿತು ಎಂದು ಕೇಳಬಲ್ಲ. ಮರದ ನೆರಳಲ್ಲಿ ಕುಳಿತ ಆ ಅಜ್ಜನಿಗೆ ಇಲ್ಲದಿದ್ದ ಧೈರ್ಯವಿದು. ಇದನ್ನು ಗಳಿಸಿಕೊಟ್ಟವರಲ್ಲಿ ಹೆಸರಿಲ್ಲದೆ ಸಹಿ ಹಾಕಿದವರೂ, ಹೆಬ್ಬೆಟ್ಟೊತ್ತಿದವರೂ ಇದ್ದಾರೆಂಬುದನ್ನು ಮರೆಯಬಾರದು.