ಆಮದು ಮಾಡಿಕೊಳ್ಳುವ ಕಟ್ಟಡ ಘಟಕಗಳ ಸೀಮಾ ಸುಂಕ ವರ್ಗೀಕರಣ: ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ಆಮದುದಾರರಿಗೆ ಮಾಹಿತಿ

1. ಈ ಮಾಹಿತಿ ಯಾರಿಗೆ ಅನ್ವಯಿಸುತ್ತದೆ

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳಲ್ಲಿ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆ, ಗೋದಾಮು, ಆಸ್ಪತ್ರೆ, ಶಾಲೆ ಅಥವಾ ವಾಸದ ಮನೆಯನ್ನು ನಿರ್ಮಿಸುವವರು ಉಕ್ಕಿನ ಚೌಕಟ್ಟು, ಕಿಟಕಿ, ಟೈಲ್ಸ್, ಗಾಜು, ಲಿಫ್ಟ್ ಮುಂತಾದವುಗಳನ್ನು ವಿದೇಶದಿಂದ ನೇರವಾಗಿ ತರಿಸಿಕೊಳ್ಳುವಾಗ ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ನೀಡಲಾಗಿದೆ. ಆಮದಾದ ವಸ್ತುವನ್ನು ಸ್ಥಳೀಯ ಅಥವಾ ಹೊರ ಊರಿನ ವರ್ತಕರಿಂದ ಖರೀದಿಸುವವರಿಗೆ ಈ ವಿಧಾನ ಅನ್ವಯಿಸುವುದಿಲ್ಲ; ಅಂಥವರು ತೆರಿಗೆ ಬಿಲ್ಲನ್ನು ಪಡೆದಿಟ್ಟುಕೊಂಡರೆ ಸಾಕು.

ಜಿಲ್ಲೆಯಲ್ಲಿ ಸಮುದ್ರ ಬಂದರು ಇಲ್ಲದಿರುವುದರಿಂದ ಸರಕು ಚೆನ್ನೈ, ನ್ಹಾವಾ ಶೇವಾ ಅಥವಾ ಮಂಗಳೂರು ಬಂದರಿನಲ್ಲಿ ಇಲ್ಲವೇ ಬೆಂಗಳೂರಿನ ವೈಟ್‌ಫೀಲ್ಡ್, ಹೈದರಾಬಾದಿನ ಸನತ್‌ನಗರದಂತಹ ಒಳನಾಡು ಕಂಟೈನರ್ ಡಿಪೊಗಳಲ್ಲಿ ತೆರವುಗೊಳ್ಳುತ್ತದೆ. ಅಲ್ಲಿ ವರ್ಗೀಕರಣದ ವಿವಾದ ಉಂಟಾದರೆ ಕಟ್ಟಡದ ಕೆಲಸ ಇಲ್ಲಿ ನಿಲ್ಲುತ್ತದೆ. ಕಂಟೈನರ್ ಬಾಡಿಗೆ ಮತ್ತು ಡಿಪೊ ಶುಲ್ಕ ದಿನದಿಂದ ದಿನಕ್ಕೆ ಏರುತ್ತದೆ. ಆದುದರಿಂದ ವರ್ಗೀಕರಣವನ್ನು ಸರಕಿಗೆ ಆದೇಶ ನೀಡುವ ಮುನ್ನವೇ ನಿಶ್ಚಯಿಸಿಕೊಳ್ಳುವುದು ಅಗತ್ಯ.

2. ವರ್ಗೀಕರಣ ಎಂದರೇನು

ಸೀಮಾ ಸುಂಕ ದರಪಟ್ಟಿ ಅಧಿನಿಯಮ, 1975ರ ಮೊದಲನೆಯ ಅನುಸೂಚಿಯಲ್ಲಿ ಪ್ರತಿಯೊಂದು ಸರಕಿಗೂ 8 ಅಂಕಿಗಳ ಸಂಖ್ಯೆ ಇದೆ. ಮೊದಲ 2 ಅಂಕಿಗಳು ಅಧ್ಯಾಯವನ್ನು, 4 ಅಂಕಿಗಳು ಶೀರ್ಷಿಕೆಯನ್ನು, 6 ಅಂಕಿಗಳು ಅಂತರರಾಷ್ಟ್ರೀಯ ಉಪಶೀರ್ಷಿಕೆಯನ್ನು ಸೂಚಿಸುತ್ತವೆ. ಕೊನೆಯ 2 ಅಂಕಿಗಳು ಭಾರತದವು. ಅಂತರರಾಷ್ಟ್ರೀಯ ನಾಮಾವಳಿಯ 2022ರ ಆವೃತ್ತಿಗೆ ಅನುಗುಣವಾದ ಪಟ್ಟಿ ದಿನಾಂಕ 1-1-2022ರಿಂದ ಭಾರತದಲ್ಲಿ ಜಾರಿಗೆ ಬಂದಿತು.

ಈ ಪಟ್ಟಿಯಲ್ಲಿ "ಕಟ್ಟಡ ಸಾಮಗ್ರಿ" ಎಂಬ ಒಂದೇ ಶೀರ್ಷಿಕೆ ಇರುವುದಿಲ್ಲ. ವಸ್ತು ಯಾವುದರಿಂದ ಮಾಡಲ್ಪಟ್ಟಿದೆ, ಎಷ್ಟರ ಮಟ್ಟಿಗೆ ಸಿದ್ಧಗೊಂಡಿದೆ ಮತ್ತು ಯಾವ ರೂಪದಲ್ಲಿ ಹಾಜರುಪಡಿಸಲಾಗಿದೆ ಎಂಬ ಅಂಶಗಳು ಮುಖ್ಯ. ಮಾರಾಟಗಾರನು ಬಿಲ್ಲಿನಲ್ಲಿ ಬರೆದ ಹೆಸರು ಅಂತಿಮವಲ್ಲ.

3. ಸಾಮಾನ್ಯ ಘಟಕಗಳ ಶೀರ್ಷಿಕೆಗಳು

1) ಬಾಗಿಲು, ಕಿಟಕಿ ಮತ್ತು ಚೌಕಟ್ಟು: ಮರದ್ದಾದರೆ 4418, ಪ್ಲಾಸ್ಟಿಕ್ಕಿನದಾದರೆ 3925, ಕಬ್ಬಿಣ ಅಥವಾ ಉಕ್ಕಿನದಾದರೆ 7308, ಅಲ್ಯೂಮಿನಿಯಂನದಾದರೆ 7610.
2) ಉದ್ದುದ್ದ ಅಲ್ಯೂಮಿನಿಯಂ ಪಟ್ಟಿ: 7604. ಅದನ್ನೇ ಕಟ್ಟಡದಲ್ಲಿ ಕೂರಿಸಲೆಂದು ಕತ್ತರಿಸಿ, ರಂಧ್ರ ಕೊರೆದು ಸಿದ್ಧಪಡಿಸಿದ್ದರೆ 7610.
3) ಗಾಜು: ಗಟ್ಟಿಗೊಳಿಸಿದ ಅಥವಾ ಪದರ ಜೋಡಿಸಿದ ಸುರಕ್ಷಾ ಗಾಜು 7007, ನಡುವೆ ಅಂತರವಿರುವ ಬಹುಪದರದ ನಿರೋಧಕ ಗಾಜು 7008.
4) ಕಲ್ಲು: ಆಯತಾಕಾರವಾಗಿ ಕೇವಲ ಕೊಯ್ದ ಮಾರ್ಬಲ್ 2515, ಗ್ರಾನೈಟ್ 2516, ಪಾಲಿಶ್ ಮಾಡಿದ್ದರೆ ಎರಡೂ 6802. ಕಲ್ಲಿನ ಪುಡಿಯನ್ನು ಬಂಧಕದೊಡನೆ ಬೆರೆಸಿ ಅಚ್ಚೊತ್ತಿದ ಕೃತಕ ಕಲ್ಲು 6810.
5) ಸೆರಾಮಿಕ್ ಟೈಲ್ಸ್: 6907. ಉಪಶೀರ್ಷಿಕೆ ನೀರು ಹೀರುವ ಪ್ರಮಾಣವನ್ನು ಅವಲಂಬಿಸಿದ್ದು, ತೂಕದ ಶೇ. 0.5 ಮತ್ತು ಶೇ. 10 ಗಡಿಗಳಾಗಿವೆ. ತಯಾರಕರ ಪರೀಕ್ಷಾ ವರದಿಯನ್ನು ಪಡೆಯತಕ್ಕದ್ದು.
6) ಕೈತೊಳೆಯುವ ಬೇಸಿನ್: ಸೆರಾಮಿಕ್ 6910, ಸ್ಟೀಲ್ 7324, ಪ್ಲಾಸ್ಟಿಕ್ 3922. ನಲ್ಲಿಗಳು 8481.
7) ಬೀಗ 8301, ಕೀಲು, ಹಿಡಿಕೆ ಮುಂತಾದ ಲೋಹದ ಜೋಡಣೆಗಳು 8302, ಉಕ್ಕಿನ ಸ್ಕ್ರೂ ಮತ್ತು ಬೋಲ್ಟ್ 7318. ಇವು ಪ್ರತ್ಯೇಕವಾಗಿ ಬಂದಾಗ "ಕಿಟಕಿಯ ಭಾಗ" ಎಂದು ಘೋಷಿಸಲಾಗದು.
8) ಲಿಫ್ಟ್ 8428, ಲಿಫ್ಟಿನ ಬಿಡಿಭಾಗ 8431.

4. ಗೋದಾಮಿನ ಉಕ್ಕಿನ ಶೆಡ್: ಎರಡು ಶೀರ್ಷಿಕೆಗಳ ನಡುವಿನ ಪ್ರಶ್ನೆ

ಮಾನ್ವಿಯ ಅಕ್ಕಿ ಗಿರಣಿಗೆ ಅಥವಾ ದೇವದುರ್ಗದ ಹತ್ತಿ ದಾಸ್ತಾನಿಗೆ ಕಾರ್ಖಾನೆಯಲ್ಲೇ ಸಿದ್ಧಪಡಿಸಿದ ಉಕ್ಕಿನ ಶೆಡ್ಡನ್ನು ತರಿಸುವ ಸಂದರ್ಭವನ್ನು ಉದಾಹರಣೆಯಾಗಿ ಪರಿಗಣಿಸಬಹುದು. ಕಂಬ, ತೊಲೆ, ಛಾವಣಿ ಮತ್ತು ಗೋಡೆಯ ಹಲಗೆಗಳೆಲ್ಲ ಸ್ಥಳದಲ್ಲಿ ಜೋಡಿಸುವುದಕ್ಕಾಗಿ ಒಟ್ಟಿಗೆ ಬಂದರೆ ಅದು ಪೂರ್ವನಿರ್ಮಿತ ಕಟ್ಟಡವಾಗಿ 9406ರ ಅಡಿ ಬರುತ್ತದೆ. ಕಂಬ ಮತ್ತು ತೊಲೆಗಳನ್ನು ಮಾತ್ರ ತರಿಸಿ, ಗೋಡೆಯನ್ನು ಇಲ್ಲಿಯೇ ಇಟ್ಟಿಗೆಯಿಂದ ಕಟ್ಟುವುದಾದರೆ ಅವು ಉಕ್ಕಿನ ರಚನೆಯ ಭಾಗಗಳಾಗಿ 7308ಕ್ಕೆ ಸೇರುತ್ತವೆ.

ವ್ಯಾಖ್ಯಾನದ ಸಾಮಾನ್ಯ ನಿಯಮ 2(ಎ) ಪ್ರಕಾರ ಬಿಡಿಬಿಡಿಯಾಗಿ ಹಾಜರುಪಡಿಸಿದ ವಸ್ತುವನ್ನೂ, ಪೂರ್ಣ ವಸ್ತುವಿನ ಮುಖ್ಯ ಲಕ್ಷಣ ಹೊಂದಿದ ಅಪೂರ್ಣ ವಸ್ತುವನ್ನೂ ಪೂರ್ಣ ವಸ್ತುವೆಂದೇ ಪರಿಗಣಿಸಲಾಗುತ್ತದೆ. ಆದರೆ ಬಿಡಿಭಾಗಗಳು ಬೇರೆ ಬೇರೆ ಕಂತುಗಳಲ್ಲಿ ಬಂದಾಗ ಅವುಗಳನ್ನು ಕೂಡಿಸಿ ಪೂರ್ಣ ವಸ್ತುವೆಂದು ವರ್ಗೀಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸೋನಿ ಇಂಡಿಯಾ ಪ್ರಕರಣದಲ್ಲಿ ತೀರ್ಪು ನೀಡಿದೆ. ಹೀಗಾಗಿ ಸರಕನ್ನು ಒಂದೇ ಬಾರಿಗೆ ತರಿಸುವುದೇ, ಕಂತುಗಳಲ್ಲಿ ತರಿಸುವುದೇ ಎಂಬುದು ಸಾಗಣೆಯ ಅನುಕೂಲದ ಪ್ರಶ್ನೆ ಮಾತ್ರವಲ್ಲ. ಅದರಿಂದ ಶೀರ್ಷಿಕೆಯೇ ಬದಲಾಗಬಹುದು.

ನಿಯಮಗಳನ್ನು ಕ್ರಮವಾಗಿ ಅನ್ವಯಿಸತಕ್ಕದ್ದು. ಮೊದಲಿಗೆ ಶೀರ್ಷಿಕೆಯ ಪದಗಳು ಹಾಗೂ ವಿಭಾಗ ಮತ್ತು ಅಧ್ಯಾಯದ ಟಿಪ್ಪಣಿಗಳನ್ನು ನೋಡಬೇಕು. ಸಂದೇಹವಿದ್ದಲ್ಲಿ ಅಂತರರಾಷ್ಟ್ರೀಯ ನಾಮಾವಳಿಯು ಸುರಕ್ಷಿತ ಮಾರ್ಗದರ್ಶಿಯೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ವುಡ್‌ಕ್ರಾಫ್ಟ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಹೇಳಿದೆ. ಆ ವಿವಾದವೂ ಬ್ಲಾಕ್ ಬೋರ್ಡ್ ಎಂಬ ಮರದ ಹಲಗೆಯ ಕುರಿತದ್ದಾಗಿತ್ತು.

5. ಸುಂಕದ ಲೆಕ್ಕ

ಲೆಕ್ಕದ ವಿಧಾನವನ್ನು ತಿಳಿಸಲು ಮಾತ್ರ ಕೆಳಗಿನ ದರಗಳನ್ನು ಊಹಿಸಲಾಗಿದೆ. ಸರಕಿನ ಮೌಲ್ಯ ರೂ. 1,00,000, ಮೂಲ ಸುಂಕ ಶೇ. 10, ಮೂಲ ಸುಂಕದ ಮೇಲೆ ಸಮಾಜ ಕಲ್ಯಾಣ ಮೇಲ್ತೆರಿಗೆ ಶೇ. 10 ಮತ್ತು ಸಮಗ್ರ ಸರಕು ಸೇವಾ ತೆರಿಗೆ ಶೇ. 18 ಎಂದಿಟ್ಟುಕೊಂಡರೆ:

ಮೂಲ ಸುಂಕ: ರೂ. 10,000
ಮೇಲ್ತೆರಿಗೆ: ರೂ. 1,000
ರೂ. 1,11,000ರ ಮೇಲೆ ಶೇ. 18: ರೂ. 19,980
ಒಟ್ಟು: ರೂ. 30,980

ಮೂಲ ಸುಂಕ ಶೇ. 15 ಇರುವ ಶೀರ್ಷಿಕೆಗೆ ಸರಕು ಸೇರಿದರೆ ಒಟ್ಟು ಮೊತ್ತ ರೂ. 37,470 ಆಗುತ್ತದೆ. ಅಂದರೆ ಪ್ರತಿ ಲಕ್ಷಕ್ಕೆ ರೂ. 6,490 ವ್ಯತ್ಯಾಸ ಬರುತ್ತದೆ. ಸ್ವಂತಕ್ಕಾಗಿ ಸ್ಥಿರಾಸ್ತಿ ನಿರ್ಮಿಸಲು ಬಳಸಿದ ಸಾಮಗ್ರಿಯ ತೆರಿಗೆಯನ್ನು ಸರಕು ಸೇವಾ ತೆರಿಗೆಯ ನೋಂದಾಯಿತರೂ ಸಾಮಾನ್ಯವಾಗಿ ಹೂಡುವಳಿ ಜಮೆಯಾಗಿ ಪಡೆಯುವಂತಿಲ್ಲ. ಆದುದರಿಂದ ಈ ಹೊರೆ ಕಟ್ಟಡದ ಖರ್ಚಿಗೇ ಸೇರುತ್ತದೆ.

ವ್ಯಾಪಾರ ಒಪ್ಪಂದಗಳ ರಿಯಾಯಿತಿ, ವಿನಾಯಿತಿ ಅಧಿಸೂಚನೆ ಮತ್ತು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ಗುರುತಿನ ಷರತ್ತುಗಳನ್ನೂ ಶೀರ್ಷಿಕೆಯೊಡನೆ ಪರಿಶೀಲಿಸಬೇಕು. ವಿನಾಯಿತಿ ತನಗೆ ಸಲ್ಲುತ್ತದೆಂದು ರುಜುವಾತುಪಡಿಸುವ ಹೊಣೆ ಅದನ್ನು ಕೋರುವವರ ಮೇಲಿದೆ ಎಂದು ದಿಲೀಪ್ ಕುಮಾರ್ ಅಂಡ್ ಕಂಪನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2018ರಲ್ಲಿ ತೀರ್ಮಾನಿಸಿದೆ.

6. ಮುಂಗಡ ನಿರ್ಣಯ

ಸಂದೇಹವಿರುವ ಸರಕಿನ ವರ್ಗೀಕರಣವನ್ನು ಆಮದಿಗೆ ಮೊದಲೇ ಲಿಖಿತವಾಗಿ ಪಡೆಯಲು ಸೀಮಾ ಸುಂಕ ಅಧಿನಿಯಮ, 1962ರ ಕಲಂ 28ಎಚ್ ಅಡಿಯಲ್ಲಿ ಅರ್ಜಿ ಸಲ್ಲಿಸಬಹುದು. ಸೀಮಾ ಸುಂಕ ಮುಂಗಡ ನಿರ್ಣಯ ಪ್ರಾಧಿಕಾರಗಳು ದೆಹಲಿ ಮತ್ತು ಮುಂಬಯಿಗಳಲ್ಲಿ 2021ರಿಂದ ಕಾರ್ಯನಿರ್ವಹಿಸುತ್ತಿವೆ. ಅರ್ಜಿ ಶುಲ್ಕ ರೂ. 10,000. ಅರ್ಜಿ ಸ್ವೀಕೃತವಾದ 3 ತಿಂಗಳೊಳಗೆ ನಿರ್ಣಯ ನೀಡಬೇಕೆಂದು ಕಾಯ್ದೆ ವಿಧಿಸಿದೆ. ನಿರ್ಣಯವು ಅರ್ಜಿದಾರರಿಗೂ ಸಂಬಂಧಪಟ್ಟ ಸೀಮಾ ಸುಂಕ ಆಯುಕ್ತರಿಗೂ ಬದ್ಧವಾಗಿರುತ್ತದೆ. ಅರ್ಜಿದಾರರ ಅದೇ ಪ್ರಶ್ನೆ ಅಧಿಕಾರಿಗಳ ಅಥವಾ ನ್ಯಾಯಾಲಯದ ಮುಂದೆ ಈಗಾಗಲೇ ಬಾಕಿಯಿದ್ದರೆ ಅರ್ಜಿಯನ್ನು ಅಂಗೀಕರಿಸಲಾಗುವುದಿಲ್ಲ.

7. ವಿವಾದ ಉಂಟಾದಲ್ಲಿ

2011ರಿಂದ ಆಮದುದಾರರೇ ಬಿಲ್ ಆಫ್ ಎಂಟ್ರಿಯಲ್ಲಿ ಸುಂಕವನ್ನು ಸ್ವಯಂ ನಿರ್ಧರಿಸಬೇಕಾಗಿದೆ. ಅಧಿಕಾರಿಯು ಅದನ್ನು ಬದಲಿಸಿ ಮರುನಿರ್ಧಾರ ಮಾಡಿದಾಗ ಆಮದುದಾರರು ಅದನ್ನು ಲಿಖಿತವಾಗಿ ಒಪ್ಪದಿದ್ದಲ್ಲಿ, 15 ದಿನಗಳೊಳಗೆ ಕಾರಣಸಹಿತ ಆದೇಶವನ್ನು ಪಡೆಯುವ ಹಕ್ಕು ಕಲಂ 17(5)ರಡಿ ಇದೆ. ಸರಕು ಬೇಗ ಬಿಡುಗಡೆಯಾಗಲೆಂದು ಒಪ್ಪಿಗೆಯ ಪತ್ರಕ್ಕೆ ಸಹಿ ಮಾಡುವ ಮುನ್ನ ಈ ಹಕ್ಕನ್ನು ಗಮನದಲ್ಲಿಡಬೇಕು. ಆದೇಶದ ವಿರುದ್ಧ ಆಯುಕ್ತರ (ಮೇಲ್ಮನವಿ) ಬಳಿ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ವಿವಾದಿತ ಸುಂಕದ ಶೇ. 7.5ನ್ನು ಮುಂಗಡವಾಗಿ ಠೇವಣಿ ಇಡಬೇಕು.

ಹೆಚ್ಚು ಸುಂಕ ಕಟ್ಟಿ ನಂತರ ಮರುಪಾವತಿ ಕೇಳಬಹುದೆಂಬ ಭಾವನೆ ಸರಿಯಲ್ಲ. ಸ್ವಯಂ ನಿರ್ಧಾರವನ್ನು ಕಾನೂನುಬದ್ಧವಾಗಿ ಮಾರ್ಪಡಿಸಿಕೊಳ್ಳದ ಹೊರತು ಮರುಪಾವತಿ ದೊರೆಯದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಐಟಿಸಿ ಪ್ರಕರಣದಲ್ಲಿ ಹೇಳಿದೆ. ಕಡಿಮೆ ಕಟ್ಟಿದ ಸುಂಕಕ್ಕೆ 2 ವರ್ಷಗಳೊಳಗೆ, ಉದ್ದೇಶಪೂರ್ವಕ ಸುಳ್ಳು ಹೇಳಿಕೆ ಅಥವಾ ಮರೆಮಾಚುವಿಕೆ ಇದ್ದಲ್ಲಿ 5 ವರ್ಷಗಳೊಳಗೆ ಬೇಡಿಕೆ ನೋಟಿಸು ನೀಡಬಹುದು. ಸರಕನ್ನು ಸರಿಯಾಗಿ ವಿವರಿಸಿ ಸದ್ಭಾವನೆಯಿಂದ ವಿನಾಯಿತಿಯನ್ನು ಕೋರುವುದು ಸುಳ್ಳು ಘೋಷಣೆಯಾಗದೆಂದು ಅದೇ ನ್ಯಾಯಾಲಯವು 1998ರಲ್ಲಿ ನಾರ್ದರ್ನ್ ಪ್ಲಾಸ್ಟಿಕ್ ಪ್ರಕರಣದಲ್ಲಿ ತಿಳಿಸಿದೆ. ಪೂರ್ಣ ಮತ್ತು ನಿಜವಾದ ವಿವರವೇ ಆಮದುದಾರರ ಮುಖ್ಯ ರಕ್ಷಣೆ.

8. ಆದೇಶ ನೀಡುವ ಮುನ್ನ ಸಿದ್ಧಪಡಿಸಿಕೊಳ್ಳಬೇಕಾದವು

1) ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಪಡೆದ ಆಮದು ರಫ್ತು ಸಂಕೇತ ಸಂಖ್ಯೆ (ಶುಲ್ಕ ರೂ. 500).
2) ಘಟಕವಾರು ಪಟ್ಟಿ: ವಸ್ತು, ಅಳತೆ, ತೂಕ, ಸಂಖ್ಯೆ ಮತ್ತು ಬೆಲೆ.
3) ನಕ್ಷೆ, ತಯಾರಕರ ಕೈಪಿಡಿ ಮತ್ತು ಪರೀಕ್ಷಾ ವರದಿ.
4) ಒಂದೇ ಕಂತು ಅಥವಾ ಹಲವು ಕಂತುಗಳ ಸಾಗಣೆಯ ವಿವರ.
5) ರಿಯಾಯಿತಿ ಕೋರುವುದಾದರೆ ಮೂಲ ದೇಶದ ಪ್ರಮಾಣಪತ್ರ.

ಸೂಚನೆ: ಸುಂಕದ ದರಗಳು ಅಧಿಸೂಚನೆಗಳ ಮೂಲಕ ಬದಲಾಗುತ್ತಿರುತ್ತವೆ. ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಅಥವಾ ಹಡಗಿಗೆ ಒಳಪ್ರವೇಶ ನೀಡಿದ ದಿನ, ಇವೆರಡರಲ್ಲಿ ನಂತರದ ದಿನ ಜಾರಿಯಲ್ಲಿರುವ ದರವೇ ಅನ್ವಯಿಸುತ್ತದೆ. ಈ ಮಾಹಿತಿ ತಿಳಿವಳಿಕೆಗಾಗಿ ಮಾತ್ರವಿದ್ದು, ಅಧಿನಿಯಮ ಮತ್ತು ಅಧಿಸೂಚನೆಗಳ ಮೂಲ ಪಠ್ಯವೇ ಅಧಿಕೃತವಾಗಿರುತ್ತದೆ.